ಏಳನೇ ಅಧ್ಯಾಯ ಬರೆದವನು

ಹನ್ನೊಂದು ವರ್ಷದಲ್ಲಿ ಆ ಪುಸ್ತಕ ಐದು ಸಲ ಅಚ್ಚಾಯಿತು. ಐದು ಸಲವೂ ಮುಖಪುಟದಲ್ಲಿ ನಿರ್ದೇಶಕರ ಹೆಸರು, ಹಿಂಬದಿಯಲ್ಲಿ ಅವರದೇ ನಗುಮುಖ. ಒಳಗಿನ ಒಂದೊಂದು ಅಕ್ಷರವೂ ಪಂಡಿತನದು.

ಪಂಡಿತ ಎಂಬುದು ಆಫೀಸಿನವರು ತಮಾಷೆಗೆ ಇಟ್ಟ ಹೆಸರು. ಕಾರ್ಖಾನೆಗಳೆಲ್ಲ ಸರ್ಕಾರದ್ದೇ ಆಗಿದ್ದ ಕಾಲದಲ್ಲಿ ಅವನು ಯೋಜನಾ ಇಲಾಖೆಯ ಅರ್ಥಶಾಸ್ತ್ರಜ್ಞ. ಕಾಲ ಮಗುಚಿತು. ಕಾರ್ಖಾನೆಗಳು ಹರಾಜಾದವು, ಇಲಾಖೆಗೆ ಬೀಗ ಬಿತ್ತು. ಹೊಸ ವ್ಯಾಪಾರ ಕಚೇರಿಯಲ್ಲಿ ಖಾಲಿ ಇದ್ದದ್ದು ಬೆರಳಚ್ಚುಗಾರನ ಹುದ್ದೆಯೊಂದೇ, ಹೊಟ್ಟೆಪಾಡು, ಸೇರಿಕೊಂಡ. ಹೊರದೇಶದ ಕಂಪನಿಗಳು ಇಲ್ಲಿಗೆ ಏನು ತಂದು ಮಾರಿದರೆ ಗಿಟ್ಟೀತು ಎಂದು ತಿಳಿಸುವ ಕೈಪಿಡಿಯೊಂದು ಬೇಕೆಂದು ಮೇಲಿನಿಂದ ಅಪ್ಪಣೆ ಬಂದಾಗ ನಿರ್ದೇಶಕರು ಅವನ ಬೆನ್ನು ತಟ್ಟಿದ್ದರು.

“ನೀನೇ ಏನಾದ್ರೂ ಗೀಚಿಬಿಡಪ್ಪಾ. ನಂಗೆ ಇದೆಲ್ಲ ತಲೆಗೆ ಹತ್ತಲ್ಲ.”

ಗೀಚಿದ. ಹಾಲಿನ ಪುಡಿ ಮಾಡುವ ಯಂತ್ರ, ನೀರೆತ್ತುವ ಪಂಪು, ಆಸ್ಪತ್ರೆಯ ಸಲಕರಣೆ, ಹಣ್ಣು ಕೆಡದಂತೆ ಇಡುವ ಶೈತ್ಯಾಗಾರ. ಅವನು ಭರವಸೆಯಿದೆ ಎಂದು ಬರೆದ ಕ್ಷೇತ್ರಗಳಿಗೆಲ್ಲ ಕಂಪನಿಗಳು ಬಂದವು. ಹಾರ, ಫಲಕ, ವಿದೇಶ ಪ್ರವಾಸವೆಲ್ಲ ನಿರ್ದೇಶಕರ ಪಾಲು. ಮನೆಯಲ್ಲಿ ಹೆಂಡತಿಯ ತಮ್ಮ ಬಂದಾಗಲೆಲ್ಲ, “ಏನ್ ಭಾವ, ಟೈಪಿಂಗ್ ಹೇಗ್ ನಡೀತಿದೆ?” ಎನ್ನುತ್ತಿದ್ದ. ಹೆಂಡತಿ ನಗುತ್ತಿರಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಆರನೇ ಮುದ್ರಣಕ್ಕೆ ಏಳನೇ ಅಧ್ಯಾಯ ತಿದ್ದುತ್ತಿದ್ದಾಗ ಅವನ ಬೆರಳು ನಿಂತಿತು. ಹೊಸ ನಮೂನೆಯ ಶೈತ್ಯಾಗಾರದಲ್ಲಿ ಸೇಬು ತಿಂಗಳುಗಟ್ಟಲೆ ತಾಜಾ ಇರಲೆಂದು ಕೋಣೆಯ ಆಮ್ಲಜನಕವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಬಿಡುತ್ತಾರೆ. ಬಣ್ಣವಿಲ್ಲ, ವಾಸನೆಯಿಲ್ಲ; ಒಳಗೆ ಕಾಲಿಟ್ಟವನು ನಾಲ್ಕು ಉಸಿರಿಗೆ ಕುಸಿಯುತ್ತಾನೆ. ಬೇರೊಂದು ದೇಶದಲ್ಲಿ ಎಚ್ಚರಿಕೆಯ ಫಲಕ ಪಕ್ಕದ ಬಾಗಿಲಿಗೆ ಹೋಗಿ ಇಬ್ಬರು ಕೆಲಸಗಾರರು ಸತ್ತಿದ್ದರು. ಆ ಸಂಗತಿಯನ್ನೂ ಒಂದು ಸಾಲಿನಲ್ಲಿ ಸೇರಿಸಿದ. ಒಳ್ಳೆಯ ಸಂಗತಿಯೊಂದು ಸಿಕ್ಕರೆ ಬಿಡುವ ಜಾಯಮಾನ ಅವನದಲ್ಲ.

ಅಂಥದೇ ಶೈತ್ಯಾಗಾರವೊಂದನ್ನು ಹೊರದೇಶದ ಕಂಪನಿಯೊಂದು ಕಚೇರಿಯ ಹಿಂಬದಿಯಲ್ಲೇ ಕಟ್ಟಿ ಮುಗಿಸುತ್ತಿತ್ತು; ನೋಡಿಕೊಳ್ಳಲು ಉಗ್ರಾಣದವನೊಬ್ಬನೂ ಬಂದಿದ್ದ. ಆಮೇಲೆ ಎರಡು ತಿಂಗಳು ಅವನು ಬೇರೇನನ್ನೂ ಯೋಚಿಸಲಿಲ್ಲ. ಉಪಾಯದ ಸೊಗಸು ಇದ್ದದ್ದು ಬಾಗಿಲಲ್ಲಲ್ಲ, ಮುಖಪುಟದಲ್ಲಿ. ಉಗ್ರಾಣದವನಿಗೆ ಗೊತ್ತಿದ್ದದ್ದು ಫಲಕ ತೂಗುವ ಕೋಣೆಯನ್ನು ತೆರೆಯಬಾರದು ಎಂಬಷ್ಟೇ. ಇಡೀ ಕಚೇರಿಯಲ್ಲಿ, ಕಾಗದದ ಪ್ರಕಾರ, ಒಳಗಿನ ಮರ್ಮ ಬಲ್ಲವರು ಒಬ್ಬರೇ: ಗ್ರಂಥಕರ್ತರು. ಟೈಪಿಸ್ಟನಿಗೇನು ಗೊತ್ತು? ಹನ್ನೊಂದು ವರ್ಷ ಅವನ ಹೆಸರು ನುಂಗಿದ ಮನುಷ್ಯ, ಆ ನುಂಗುವಿಕೆಯಿಂದಲೇ ಅವನನ್ನು ಕಾಪಾಡಲಿದ್ದ. ಇದನ್ನು ನೆನೆದು ಅವನು ಬಸ್ಸಿನಲ್ಲಿ ಒಬ್ಬನೇ ನಕ್ಕದ್ದುಂಟು.

ನಿರ್ದೇಶಕರು ಯಾವ ಸುಳಿವೂ ಇಲ್ಲದೆ ಗೆಲುವಾಗಿದ್ದರು. ಗೇಟ್ ಪಾಸಿಗೋ ಏನಕ್ಕೋ ಅವನಿಂದ ಒಂದು ಫೋಟೋ ಇಸಿದುಕೊಂಡರು. “ಈ ಸಲ ಪ್ರೆಸ್ಸಿನ ಕಡೆ ನೀನು ತಲೆ ಹಾಕ್ಬೇಡ, ನಾನೇ ನೋಡ್ಕೋತೀನಿ” ಎಂದರು. ಈಗ ಪ್ರೆಸ್ಸಿನವರ ಎದುರಿಗೂ ತನ್ನ ಮುಖ ಕಾಣಬಾರದಾಯಿತೇ ಎಂದು ಪಂಡಿತ ಹಲ್ಲು ಕಡಿದ.

ಶೈತ್ಯಾಗಾರದ ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ, ನಿರ್ದೇಶಕರ ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ, ಅವನು ಹೇಳಿದ:

“ಸರ್, ನಾಳೆ ಕಂಪನಿಯವರು ಹಣ್ಣಿನ ರುಚಿ ಹೇಗಿದೆ ಅಂತ ಕೇಳ್ಬಹುದು. ನಾಲ್ಕನೇ ಕೋಣೇದು ಬಹಳ ಚೆನ್ನಾಗಿದೆಯಂತೆ.”

“ಹಾಗಾದ್ರೆ ಊಟಕ್ಕೆ ಮುಂಚೆ ಒಂದು ಕೈ ನೋಡೇಬಿಡೋಣ!”

ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದು ಅವರ ಚಾಳಿ. ಅದಕ್ಕೆ ಯಾರ ಒತ್ತಾಯವೂ ಬೇಕಿರಲಿಲ್ಲ.

ಒಂದು ಗಂಟೆಗೆ ಉಗ್ರಾಣದವನು ಊಟಕ್ಕೆ ಹೋದ. ಬಾಗಿಲುಗಳಿಗೆ ಬೀಗ ಇನ್ನೂ ಬಂದಿರಲಿಲ್ಲ. ಪಂಡಿತ ನಾಲ್ಕರ ಕೊಕ್ಕೆಯಿಂದ ಫಲಕ ತೆಗೆದು, ಖಾಲಿಯಿದ್ದ ಐದಕ್ಕೆ ತೂಗುಹಾಕಿದ. ಆ ಚಳಿಯಲ್ಲಿ ಎಲ್ಲರ ಕೈಯಲ್ಲೂ ಗವಸು. ಬೆರಳಿನ ಗುರುತಿನ ಮಾತೇ ಇಲ್ಲ. ಒಂದೂ ಹತ್ತಕ್ಕೆ ಅವನು ಮುಂದಿನ ಹಜಾರದಲ್ಲಿ ಎಂಟು ಜನರ ನಡುವೆ ಕುರ್ಚಿ ಸಾಲು ಮಾಡುತ್ತಿದ್ದ. ಒಂದೂ ಕಾಲಿಗೆ ನಿರ್ದೇಶಕರು ಅವನತ್ತ ಕೈ ಬೀಸುತ್ತ ಹಜಾರ ದಾಟಿ ಹೋದರು. ಅವನೂ ಕೈ ಬೀಸಿದ. ಆ ಕ್ಷಣ ಕೂಗಿ ಕರೆಯಬೇಕೆನ್ನಿಸಿದ್ದು ನಿಜ. ಆದರೆ ಹನ್ನೊಂದು ವರ್ಷವನ್ನು ನೆನೆದು, ಮುಂದಿನ ಕುರ್ಚಿಯನ್ನು ಸಾಲಿಗೆ ಎಳೆದ.

ಸಿಕ್ಕಾಗ ಅವರ ಕೈಯಲ್ಲಿ ಕಚ್ಚದ ಒಂದು ಸೇಬು ಇತ್ತು.

ಫಲಕ ಅದಲುಬದಲು ಮಾಡಿದ ಅಪವಾದ ಉಗ್ರಾಣದವನ ತಲೆಗೆ ಬಂತು. ಅವನು ಮಗುವಿನಂತೆ ಅತ್ತ. ಪಂಡಿತನೇ ಅವನಿಗೆ ನೀರು ಕೊಟ್ಟ. ತನಿಖೆಗೆ ಬಂದ ಮಹಿಳಾ ಅಧಿಕಾರಿಯ ಮುಂದೆ ಕೈಕಟ್ಟಿ ನಿಂತು ಹೇಳಿಕೆ ಬರೆಸಿ ರುಜು ಹಾಕಿದ: “ನಾನು ಬರೀ ಟೈಪಿಸ್ಟು ಮೇಡಂ. ಸಾಹೇಬ್ರು ಕೊಟ್ಟಿದ್ದನ್ನ ಬೆರಳು ಹೊಡೆಯುತ್ತೆ, ತಲೆಗೆ ಹೋಗಲ್ಲ. ಆ ಕೋಣೇಲಿ ಏನಿತ್ತು ಅನ್ನೋದೇ ನಂಗೆ ಗೊತ್ತಿರ್ಲಿಲ್ಲ.” ಅಧಿಕಾರಿ ಕನಿಕರದಿಂದ ತಲೆಯಾಡಿಸಿದರು. ತನ್ನ ನಟನೆಗೆ ತಾನೇ ತಲೆದೂಗುತ್ತ ಅವನು ಆ ದಿನ ನಡೆದೇ ಮನೆಗೆ ಹೋದ.

ಹದಿನೈದು ದಿನ ಕಳೆದ ಮೇಲೆ ಅಧಿಕಾರಿ ಮತ್ತೆ ಬಂದರು. ಕಡತ ಮುಚ್ಚಲು ಇನ್ನೊಂದು ರುಜು ಬೇಕಿರಬೇಕೆಂದುಕೊಂಡು ಅವನು ಪೆನ್ನು ತೆಗೆದ. ಅವರು ಮೇಜಿನ ಮೇಲಿಟ್ಟದ್ದು ಪ್ರೆಸ್ಸಿನಿಂದ ಆಗತಾನೇ ಬಂದಿದ್ದ ಆರನೇ ಮುದ್ರಣ. “ಈ ಫೋಟೋ ನಿಮ್ದೇ ಅಲ್ವಾ?” ಹಿಂಬದಿಯಲ್ಲಿ, ಗೇಟ್ ಪಾಸಿಗೆಂದು ಕೊಟ್ಟಿದ್ದ ಅವನ ಮುಖ. ಅಧಿಕಾರಿ ಒಳಪುಟ ತೆರೆದು, ನಿರ್ದೇಶಕರು ಬರೆದಿದ್ದ ಮುನ್ನುಡಿಯನ್ನು ಮೆಲ್ಲಗೆ ಓದಿದರು: “ಹನ್ನೊಂದು ವರ್ಷ ಇನ್ನೊಬ್ಬರ ಅಂಗಿ ತೊಟ್ಟು ಮೆರೆದೆ, ನಿವೃತ್ತಿಗೆ ಮುಂಚೆ ಮರಳಿಸುತ್ತಿದ್ದೇನೆ. ಇದರಲ್ಲಿ ನಾನು ಬರೆದ ಸಾಲು ಒಂದೂ ಇಲ್ಲ. ಏಳನೇ ಅಧ್ಯಾಯವನ್ನಂತೂ ಅವರು ಎರಡು ಸಲ ಬಿಡಿಸಿ ಹೇಳಿದರೂ ನನ್ನ ತಲೆಗೆ ಹತ್ತಲಿಲ್ಲ.” ಆಮೇಲೆ ಏಳನೇ ಅಧ್ಯಾಯಕ್ಕೆ ಹೋಗಿ, ಫಲಕ ಬದಲಾಗಿ ಸತ್ತ ಇಬ್ಬರು ಕೆಲಸಗಾರರ ಸಾಲಿನ ಮೇಲೆ ಬೆರಳಿಟ್ಟರು. ಅವನು ಅದನ್ನು ನೋಡಲಿಲ್ಲ. ಪುಸ್ತಕವನ್ನು ತನ್ನತ್ತ ಎಳೆದುಕೊಂಡು, ಮಗುಚಿ, ಮುಖಪುಟದಲ್ಲಿ ದಪ್ಪಕ್ಷರದಲ್ಲಿದ್ದ ತನ್ನ ಹೆಸರನ್ನೂ ಅದರ ಮುಂದಿನ ಪದವಿಯನ್ನೂ ಓದಿದ. ಅಕ್ಷರ ಒಂದೂ ತಪ್ಪಿರಲಿಲ್ಲ.