ಮುಂಜಾನೆಯವರೆಗೆ ನೀರಿಗಿಳಿಯಬಾರದು

"ನೀರ ಹಾಕಬ್ಯಾಡ್ರೀ!"

ಕೂಗುತ್ತಲೇ ಓಡಿಬಂದ ಮುರಗೆಪ್ಪ ಹಾಲವ್ವನ ಕೈಯ ತಂಬಿಗೆ ಕಸಿದುಕೊಂಡ. ನೀರೆಲ್ಲ ಅವಳ ಸೀರೆಯ ಮೇಲೆ!

ಜಮಖಂಡಿಯ ಕ್ಲಬ್ಬಿನ ಈಜುಗೊಳದಲ್ಲಿ ಹುಡುಗಿಯರಿಗೆ ಬೇಸಿಗೆಯ ಈಜು ಕಲಿಸಲು ಅವಳು ಗಲಗಲಿಯಿಂದ ಬಂದ ಮೊದಲ ದಿನವದು. ಕೃಷ್ಣೆಯಲ್ಲಿ ಈಜಿ ಬೆಳೆದವಳು. ಈಜು ಬಾರದಿದ್ದರೂ ಕೊಳದ ನೀರು ನೋಡಿಕೊಳ್ಳುವ ಮುರಗೆಪ್ಪನಿಗೆ ನೆರವಾಗೋಣವೆಂದು, ಬಕೇಟಿನಲ್ಲಿದ್ದ ಬ್ಲೀಚಿಂಗ್ ಪೌಡರಿನ ಮೇಲೆ ನೀರು ಸುರಿಯಹೊರಟಿದ್ದಳು.

"ಮ್ಯಾಲೆ ನೀರ ಬಿದ್ರ ಸುಣ್ಣದಂಗ ಸಿಡೀತೈತಿ, ಗೊತ್ತಿಲ್ಲೇನು? ಇದರ ತಂಟೆಕ್ಕ ಬರಬ್ಯಾಡ್ರಿ!"

ಎಲ್ಲರೆದುರು... ಅವಳ ಕಣ್ಣು ತುಂಬಿತು. ಆದರೆ ಅವನ ಆ ಗಾಬರಿಯ ಮುಖ ಮಾತ್ರ ಮನಸ್ಸಿನಿಂದ ಅಳಿಯಲೇ ಇಲ್ಲ.

ಹುಡುಗಿಯರು ಮನೆಗೆ ಹೋದ ಮೇಲೆ ಅವಳೊಬ್ಬಳೇ ಈಜುವಳು. ಬಿಸಿಲು ಇಳಿಯುತ್ತಲೇ ಅವನ ದನಿ: "ಮ್ಯಾಲೆ ಬರ್ರಿ. ಪೌಡರ ಹಾಕೂದೈತಿ."

ಬಕೇಟಿಗೆ ಮೊದಲು ನೀರು, ಆಮೇಲೆ ಪುಡಿ. ಕಟ್ಟಿಗೆಯಿಂದ ಕಲಕಿ, ಪುಡಿಯಲ್ಲಿನ ಸುಣ್ಣ ತಳಕ್ಕೆ ಕೂತ ಮೇಲೆ, ತಿಳಿನೀರನ್ನಷ್ಟೇ ಗಾಳಿಗೆ ಬೆನ್ನುಕೊಟ್ಟು ದಂಡೆಯುದ್ದಕ್ಕೂ ಸುರಿಯುವನು. ಅವಳತ್ತ ತಿರುಗಿಯೂ ನೋಡನು.

'ಆ ಪುಡೀನ ಎಷ್ಟ ಜ್ವಾಕಿಲೆ ಮುಟ್ಟತಾನ... ನನಗ ಒಂದ ಮಾತಿಲ್ಲ!'

ಬೇಸಿಗೆ ಮುಗಿಯಿತು. ಮರುದಿನ ಮಧ್ಯಾಹ್ನದ ಬಸ್ಸಿಗೆ ಅವಳು ಊರಿಗೆ. ಅವನು ಒಂದು ಮಾತಾಡಿದ್ದರೆ...

ಕೊನೆಯ ಸಂಜೆ, ಅವನು ಖಾಲಿ ಬಕೇಟು ಕೆಳಗಿಟ್ಟಾಗ ಅವಳೇ ಕೇಳಿಬಿಟ್ಟಳು.

"ನಾ ಹೋದ್ರ ನಿಮಗ ಸುಖ ಅಲ್ರಿ? ದಿನಾ ನೀರಿಂದ ಎಬ್ಬಸೂ ತ್ರಾಸ ತಪ್ಪತೈತಿ."

"ಹಂಗ ಅನಬ್ಯಾಡ್ರಿ..." ಅವನು ಅವಳತ್ತ ತಿರುಗಿದ. "ಹಬ್ಬಕ್ಕ ಗ್ವಾಡಿಗೆ ಬಳ್ಯಾಕಂತ ಸುಣ್ಣಕ್ಕ ನೀರ ಹಾಕಿದ್ಲು ನಮ್ಮಕ್ಕ. ಸಿಡದು ಒಂದ ಕಣ್ಣ ಹೋತು. ಅವತ್ತ ನಿಮ್ಮ ಕೈಯಾಗ ತಂಬಗಿ ನೋಡಿ ಎದಿ ಧಸಕ್ಕಂತು, ಒದರಿದೆ. ಆಮ್ಯಾಲೆ ನಾಚಿಕಿ ಆಗಿ ಮಾರಿ ಎತ್ತಲಿಲ್ಲ. ನಿಮ್ಮ ಕಣ್ಣ..."

"ಏನಾಗೈತ್ರಿ ನನ್ನ ಕಣ್ಣಿಗೆ?"

"ಭಾಳ ಛಲೋ ಅದಾವ್ರಿ."

ಅವಳು ಮುಖ ತಿರುಗಿಸಿದಳು. ಆ ಕಣ್ಣೇ ಈಗ ತುಂಬಿ ಬಂದಿತ್ತು.

"ಅಕ್ಕನ್ನ ಕರಕೊಂಡ ಗಲಗಲಿಗೆ ಬರ್ಲೇನ್ರಿ? ನಿಮ್ಮ ಮನ್ಯಾಗ ಕೇಳಾಕ?"

"ಬರ್ರಿ... ಆದ್ರ ಹೊಳಿದಂಡಿ ಊರಿನ ಅಳಿಯಗ ಈಜ ಬರೂದಿಲ್ಲಂದ್ರ ಮಂದಿ ನಗತಾರ!"

"ನೀವ ಕಲಸ್ರಿ. ಈಗ ಇಳೀಲ್ಯಾ?" ಅವನ ಕೈ ಆಗಲೇ ಅಂಗಿಯ ಗುಂಡಿಗೆ ಹೋಗಿತ್ತು.

"ಇಳೀಬ್ಯಾಡ್ರೀ!" ಅವನಂತೆಯೇ ಕೂಗಿದಳು ಹಾಲವ್ವ. "ಈಗರೆ ಪೌಡರ ಹಾಕೀರಿ. ಮುಂಜಾನಿ ಮಟಾ ತಡೀರಿ."

"ತಡೀತೇನ್ರಿ... ನೀವು?"

"ಇಷ್ಟ ದಿನಾ ಮತ್ತೇನ ಮಾಡೇನ್ರಿ ನಾ?"