ಎರಡು ಮಾತಿಗೊಂದು ಉಸಿರು

ಅಥವಾ ಅವಳು ಹೇಳಿದ್ದೇ ಸರಿಯೇನೋ. ಎಲ್ಲ ತಿಳಿದವನ ಹಾಗೆ ಯಾರದೋ ನಡುಮನೆಯಲ್ಲಿ ನಿಂತು ಅಪ್ಪಣೆ ಕೊಟ್ಟುಬಿಟ್ಟೆನೇನೋ. ಆದರೆ ಆ ಮನುಷ್ಯನನ್ನು ಅಂಗಾತ ಮಲಗಿಸಿದರೆ ಉಸಿರು ಸಿಗುವುದಿಲ್ಲ. ಅದೂ ಸುಳ್ಳಲ್ಲವಲ್ಲ.

ನ್ಯಾಮತಿಯ ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಬೆನಕಪ್ಪನಿಗೆ ಇವೆರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ತಿಳಿಯಲಿಲ್ಲ. ಚನ್ನಗಿರಿಯ ಹುಡುಗ, ಬಿ.ಎಸ್ಸಿ. ಮುಗಿಸಿದವನು. ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಾಕಾಗಿ, ಡಾಕ್ಟರ್ ಪಂಚಾಕ್ಷರಪ್ಪನವರ ಶಾಪಿನಲ್ಲಿ ಕಾಂಪೌಂಡರ್ ಆಗಿ ಸೇರಿದ್ದ. ಅದು ಎಂಬತ್ತನಾಲ್ಕನೇ ಇಸವಿಯ ಜನವರಿ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ.

ಆ ಮನೆ ಮರುಳಸಿದ್ದಪ್ಪನದು. ದಾವಣಗೆರೆಯ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ಹತ್ತಿಯ ದೂಳು ಕುಡಿದು, ಮೇಲೆ ದಿನಕ್ಕೆರಡು ಕಟ್ಟು ಬೀಡಿ ಸೇದಿ, ಶ್ವಾಸಕೋಶ ಕೈಬಿಟ್ಟ ಮೇಲೆ ಊರಿಗೆ ಬಂದವನು. ದೊಡ್ಡಾಸ್ಪತ್ರೆಯವರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ್ದರು.

"ವಾಸಿ ಮಾಡಾಕೆ ಆಗಲ್ಲ ಬೆನಕಪ್ಪ," ಎಂದಿದ್ದರು ಡಾಕ್ಟರು. "ಒದ್ದಾಡದೆ ಹೋಗೋ ಹಂಗೆ ನೋಡ್ಕೊಂಡ್ರೆ ಅಷ್ಟೇ ನಮ್ಮ ಕೆಲಸ. ದಿನಾ ಎರಡು ಸಲ ಹೋಗಿ ಬಾ."

ಆ ಬೆಳಗ್ಗೆ ಮೊದಲ ಸಲ ಹೋದಾಗಲೇ ಎಡವಟ್ಟಾಗಿತ್ತು. ಕಿಟಕಿ ಮುಚ್ಚಿ, ಕಂಬಳಿ ಹೊದಿಸಿ, ರೋಗಿಯನ್ನು ಅಂಗಾತ ಮಲಗಿಸಿದ್ದರು. ಅವನ ಕತ್ತಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ಬೆನಕಪ್ಪ ಹಿಂದೆಮುಂದೆ ನೋಡದೆ, "ಇವರನ್ನ ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸ್ರಿ," ಅಂದ.

ರೋಗಿಯ ಅಕ್ಕ ಶಂಕರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಮಗಳು ಎರಡು ಹೆಜ್ಜೆ ಮುಂದೆ ಬಂದಳು.

"ಜೀವ ಇರೋರನ್ನ ಗೋಡೆಗೆ ಕೂರಿಸು ಅಂತೀರೇನ್ರೀ? ನಿಮ್ಮ ಮನ್ಯಾಗೆ ಹಂಗೆ ಮಾಡ್ತೀರಾ?"

ಅವನ ಮನೆಯಲ್ಲೂ ಮಾಡುತ್ತಿರಲಿಲ್ಲ. ಅವರ ಜನ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಅವನ ಅಜ್ಜನನ್ನೂ ಹಾಗೆಯೇ ಕೂರಿಸಿದ್ದರು. ಅವನೇ ಹೂವಿನ ಹಾರ ಹಿಡಿದು ನಿಂತಿದ್ದ. ಆದರೆ ಆ ಹೊತ್ತಿಗೆ ಅವನ ತಲೆಯಲ್ಲಿ ಡಾಕ್ಟರ ಮಾತಿತ್ತು, ಅಜ್ಜ ಇರಲಿಲ್ಲ.

ತಪ್ಪಾಯಿತು ಎಂದೂ ಹೇಳದೆ ಇಂಜೆಕ್ಷನ್ ಕೊಟ್ಟು ಹೊರಟುಬಂದಿದ್ದ. ಈಗ ಬೀದಿಯಲ್ಲಿ ನಡೆಯುತ್ತ ಅವಳ ಕಣ್ಣು ನೆನಪಾಯಿತು. ಸಿಟ್ಟಿಗಿಂತ ಹೆಚ್ಚಾಗಿ ಅದರಲ್ಲಿ ಹೆದರಿಕೆ ಇತ್ತು.

ಸಂಜೆ ಅವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಔಷಧಿ ಬಾಟಲಿ ಬರುವ ಮರದ ಪೆಟ್ಟಿಗೆ ಇತ್ತು.

"ಇದೇನು, ಸಂಸಾರ ತಂದಂಗೆ ತಂದಿದ್ದೀರಿ?" ಎಂದಳು ಶಂಕರಮ್ಮ.

ಅವನು ಮಂಚವನ್ನು ಗೋಡೆಯಿಂದ ಎಳೆದು ನಡುಮನೆಯ ಮಧ್ಯಕ್ಕೆ ತಂದ. ಮರುಳಸಿದ್ದಪ್ಪನನ್ನು ಕಾಲು ಇಳಿಬಿಟ್ಟು ಕೂರಿಸಿ, ಎದುರಿಗೆ ಸ್ಟೂಲು, ಅದರ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಎರಡು ದಿಂಬು ಇಟ್ಟ. "ಮುಂದಕ್ಕೆ ಬಾಗಿ ಕೈ ಚಾಚಿ ಮಲಗ್ರಿ ಅಪ್ಪಾಜಿ. ಬೆನ್ನಿಗೆ ಯಾವ ಗೋಡೆನೂ ಇಲ್ಲ, ನೋಡ್ರಿ." ಕೊನೆಯ ಮಾತನ್ನು ಮಗಳ ಕಡೆ ನೋಡದೆ ಹೇಳಿದ. ಆಮೇಲೆ ಕಿಟಕಿ ತೆಗೆದ. ತಣ್ಣನೆ ಗಾಳಿ ರೋಗಿಯ ಮುಖಕ್ಕೆ ಬಡಿಯಿತು.

ಹತ್ತು ನಿಮಿಷದಲ್ಲಿ ಕತ್ತಿನ ನರಗಳು ಇಳಿದವು. ಕಾಲು ಗಂಟೆಗೆ ಮರುಳಸಿದ್ದಪ್ಪ ದಿಂಬಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದ. ನಾಲ್ಕು ದಿನದ ಮೇಲೆ ಬಂದ ನಿದ್ದೆ.

ಮಗಳು ಬಾಗಿಲವರೆಗೂ ಬಂದಳು. "ಬೆಳಗ್ಗೆ ಸಿಟ್ಟಿಗೆದ್ದೆ."

"ಏಳಬೇಕಾದ ಮಾತೇ ಇತ್ತು."

"ನನ್ನ ಹೆಸರು ಶಾಂತಾದೇವಿ," ಎಂದಳು. ಆಮೇಲೆ ತಾನೇ, "ನಗಬ್ಯಾಡ್ರಿ," ಅಂದಳು.

ಅವನು ನಗಲಿಲ್ಲ. ಬೀದಿಯ ತಿರುವು ದಾಟಿದ ಮೇಲೆ ನಕ್ಕ.

ಮರುದಿನದಿಂದ ಎರಡು ಹೊತ್ತು ಎನ್ನುವುದು ಮೂರು ಹೊತ್ತಾಯಿತು. ಡಾಕ್ಟರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಉಸಿರು ಹಿಡಿದಾಗ ಗಾಬರಿಯಾಗದೆ ಬಿಡುವುದನ್ನು ರೋಗಿಗೆ ಕಲಿಸಬೇಕಿತ್ತು. "ಮೂಗಿನಾಗೆ ಎಳ್ಕೊಂಡು, ತುಟಿ ಸಣ್ಣಗೆ ಮಾಡಿ ಬಿಡಬೇಕು. ಒಲೆ ಊದೋ ಹಂಗೆ, ಆದ್ರೆ ಕಿಡಿ ಹಾರಬಾರದು, ಅಷ್ಟು ನಿಧಾನ." ರೋಗಿಗೆ ಅರ್ಥವಾಗಲಿಲ್ಲ. "ನೀವು ಕಲೀರಿ, ನಾನಿಲ್ಲದಾಗ ಹೇಳಿಕೊಡಾಕೆ ಬೇಕು," ಎಂದು ಶಾಂತಾದೇವಿಯನ್ನು ಎದುರಿಗೆ ಕೂರಿಸಿಕೊಂಡ.

ಅವನು ಊದಿದ. ಅವಳು ಊದಿದಳು. ಇಬ್ಬರ ನಡುವೆ ಮೊಳದಷ್ಟು ಜಾಗ. ಅವಳ ಉಸಿರಿಗೆ ಅವನ ಹಣೆಯ ಕೂದಲು ಅಲುಗಿತು. ಮೂರನೇ ಸಲಕ್ಕೆ ಅವಳ ತುಟಿ ನಿಲ್ಲಲಿಲ್ಲ, ನಗು ಬಂದುಬಿಟ್ಟಿತು. ಅವನು ಗಂಭೀರವಾಗಿಯೇ ಊದುತ್ತ ಕೂತಿದ್ದ, ಕಿವಿ ಮಾತ್ರ ಕೆಂಪಾಗಿತ್ತು.

"ಅಯ್ಯ, ಇಬ್ಬರೂ ಸೇರಿ ನನ್ನ ಒಲೆ ಹತ್ರನಾದ್ರೂ ಕೂತ್ಕೊಳ್ರಪ್ಪ," ಎಂದಳು ಶಂಕರಮ್ಮ ಅಡುಗೆಮನೆಯಿಂದ. "ಸೌದೆ ಹಸಿ ಐತೆ, ಹೊಗೆ ತಿಂದು ಸಾಯ್ತಿದೀನಿ."

ಪೆಟ್ಟಿಗೆಯ ಮೇಲೆ ಬಾಗಿದ್ದ ಮರುಳಸಿದ್ದಪ್ಪನ ಭುಜ ಕುಲುಕಿತು. ಅವನು ನಗುತ್ತಿದ್ದ. ನಕ್ಕು, ಕೆಮ್ಮಿ, ತುಟಿ ಸಣ್ಣಗೆ ಮಾಡಿ ಉಸಿರು ಬಿಟ್ಟ. ಸರಿಯಾಗಿ ಬಿಟ್ಟ.

ಮಾತಾಡಲು ಅವನಿಗೆ ಗಾಳಿ ಸಾಲುತ್ತಿರಲಿಲ್ಲ. ಎರಡು ಮಾತಿಗೊಂದು ಉಸಿರು. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಕಡಿಮೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಬೆನಕಪ್ಪನಿಗೆ ಅದು ಹಿಡಿಸಿತು. ಹುಟ್ಟಿದಾಗಿನಿಂದ ಮೂಗ, ಸಪ್ಪಗಿನವ ಎಂದು ಕರೆಸಿಕೊಂಡವನಿಗೆ, ಸುಮ್ಮನಿರುವುದೇ ಮರ್ಯಾದೆಯಾದ ಮನೆ ಅದೊಂದೇ.

ಸುಮ್ಮನಿದ್ದಾಗಲೇ ಅವನು ಅವಳನ್ನು ನೋಡುತ್ತಿದ್ದ. ಬಿಸಿನೀರಿಗೆ ಬೆರಳಿಟ್ಟು ಶಾಖ ನೋಡಿ ಅಪ್ಪನಿಗೆ ಚಮಚದಲ್ಲಿ ಕುಡಿಸುವುದು, ಊದಿದ ಪಾದ ತೊಡೆಯ ಮೇಲಿಟ್ಟುಕೊಂಡು ಒತ್ತುವುದು. ಒತ್ತುತ್ತ ಒತ್ತುತ್ತ ಥಟ್ಟನೆ ತಲೆಯೆತ್ತಿ ಅವನನ್ನು ಹಿಡಿದುಬಿಡುತ್ತಿದ್ದಳು.

"ಏನು ಕಾಂಪೌಂಡ್ರೇ, ಎಷ್ಟು ಸಲ ಒತ್ತಿದೆ ಅಂತ ಬರ್ಕೊಳ್ತೀರಾ?"

"ಇಲ್ಲ, ಡಾಕ್ಟ್ರು ಕೇಳಿದ್ರೆ ಇರಲಿ ಅಂತ."

"ಕೇಳಿದ್ರೆ ಹೇಳ್ರಿ, ಚೆನ್ನಾಗಿ ಒತ್ತುತ್ತಾಳೆ ಅಂತ."

ಹನ್ನೊಂದನೇ ದಿನ ಅಂಚೆಯವನು ಲಕೋಟೆ ತಂದ. ಎರಡು ವರ್ಷದಿಂದ ಅವಳು ಕಾಯುತ್ತಿದ್ದ ಪ್ರೈಮರಿ ಶಾಲೆಯ ಟೀಚರ್ ಕೆಲಸದ ಆರ್ಡರು. ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮುಂದಿನ ಸೋಮವಾರದೊಳಗೆ ಹಾಜರಾಗದಿದ್ದರೆ ನೇಮಕ ರದ್ದು.

ಅವಳು ಓದಿ ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡಳು. "ನಾನು ಹೋಗಲ್ಲ. ಅಪ್ಪನ ಕೊನೆ ಉಸಿರಿಗೆ ನಾನಿರ್ತೀನಿ ಅಂತ ಮಾತು ಕೊಟ್ಟೀನಿ."

"ಒಂದು ದಿನ ಹೋಗಿ ಸೈನ್ ಮಾಡಿ ರಜ ಬರೆದು ಬರಬಹುದು," ಎಂದ ಬೆನಕಪ್ಪ.

"ನನ್ನ ಕಳಿಸಾಕೆ ಭಾರಿ ಆತುರ ನಿಮಗೆ." ಆಮೇಲೆ ನೆಲ ನೋಡುತ್ತ, "ಜಗಳೂರಾಗೂ ಡಾಕ್ಟ್ರ ಶಾಪು ಇರ್ತಾವಲ್ಲ. ಅಲ್ಲೂ ಕಾಂಪೌಂಡ್ರು ಬೇಕಾಗಿರ್ತಾರೇನೋ," ಅಂದಳು.

ಅದಕ್ಕೆ ಉತ್ತರ ಅವನ ಬಾಯಿಯವರೆಗೂ ಬಂತು. ಆಡಬೇಕೆನ್ನುವಷ್ಟರಲ್ಲಿ ಒಳಗೆ ಕೆಮ್ಮು ಶುರುವಾಯಿತು. ಇಬ್ಬರೂ ಓಡಿದರು.

ಶನಿವಾರ ಮಧ್ಯಾಹ್ನ ಅವಳು ಬೋರಿಂಗಿಗೆ ನೀರು ತರಲು ಹೋಗಿದ್ದಳು. ಶಂಕರಮ್ಮ ಹಿತ್ತಲಲ್ಲಿದ್ದಳು. ಬೆನಕಪ್ಪ ಮರುಳಸಿದ್ದಪ್ಪನ ಕೈ ನೋಡುತ್ತಿದ್ದ. ಉಗುರುಗಳು ನೇರಳೆಯ ಬಣ್ಣಕ್ಕೆ ತಿರುಗಿದ್ದವು. ಬೆಳಗ್ಗೆ ಡಾಕ್ಟರು ಬಂದು ಹೋಗುವಾಗ ಬೀದಿಯಲ್ಲಿ ನಿಂತು, ಎರಡು ದಿನ, ಬಹಳವೆಂದರೆ ಮೂರು, ಎಂದಿದ್ದರು.

"ಎಷ್ಟು ದಿನ?" ಎಂದ ಮರುಳಸಿದ್ದಪ್ಪ.

ಬೆನಕಪ್ಪ ದಿಂಬು ಸರಿಮಾಡಿದ.

"ಎರಡಾ... ಮೂರಾ?"

ಬೆನಕಪ್ಪ ತಲೆ ತಗ್ಗಿಸಿದ. ಅಷ್ಟೇ ಸಾಕಾಯಿತು.

"ಅವಳಿಗೆ... ಹೇಳಬ್ಯಾಡ." ಉಸಿರು. "ಗೊತ್ತಾದ್ರೆ... ಹೋಗಲ್ಲ." ಉಸಿರು. "ನೌಕರಿ... ಹೋಗ್ತೈತೆ."

"ಅಪ್ಪಾಜಿ, ಆಕೆ ನಿಮಗೆ ಮಾತು ಕೊಟ್ಟಾರೆ."

"ಆ ಮಾತು... ಬಿಟ್ಟೆ." ಅವನು ಕತ್ತಿನಲ್ಲಿದ್ದ ಲಿಂಗದ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಬೆನಕಪ್ಪನ ಕೈಮೇಲೆ ಇಟ್ಟ. "ನೀನೇ... ಕಳಿಸು." ಬಹಳ ಹೊತ್ತು ತುಟಿ ಸಣ್ಣಗೆ ಮಾಡಿ ಊದಿದ. "ನಾನು ಅಂದಿದ್ದು... ಯಾವತ್ತೂ ಹೇಳಬ್ಯಾಡ."

ಬೋರಿಂಗಿನ ಕಡೆಯಿಂದ ಕೊಡದ ಸದ್ದು ಹತ್ತಿರವಾಯಿತು. ಬೆನಕಪ್ಪ ತನ್ನ ಕೈಯನ್ನು ಎಳೆದುಕೊಳ್ಳಲಿಲ್ಲ.

ಸಂಜೆ ಅವನು ಹೊರಡುವಾಗ ಅವಳು ಜಗಲಿಯ ಕಂಬ ಹಿಡಿದು ನಿಂತಿದ್ದಳು. "ಅಪ್ಪ ಇವತ್ತು ಸಮಾಧಾನ ಇದಾರೆ. ಅಲ್ವಾ?"

"ಹೂಂ."

"ನಾಳೆ ಮಧ್ಯಾಹ್ನ ಹೋದ್ರೆ, ಹೊನ್ನಾಳಿ, ದಾವಣಗೆರೆ ಮೇಲೆ ರಾತ್ರಿ ಅಷ್ಟೊತ್ತಿಗೆ ಜಗಳೂರು. ಸೋಮವಾರ ಬೆಳಗ್ಗೆ ಸೈನ್ ಮಾಡಿ ಸಂಜಿಗೆ ವಾಪಸ್." ಬೆರಳು ಮಡಚುತ್ತ ಹೇಳಿದಳು. ಆಮೇಲೆ ಅವನ ಮುಖ ನೋಡಿದಳು. "ಅತ್ತೆ ಹೇಳಿದ್ರೆ ನಂಬಲ್ಲ, ಡಾಕ್ಟ್ರು ಹೇಳಿದ್ರೂ ನಂಬಲ್ಲ. ನೀವು ಹೇಳ್ರಿ. ನೀವು ಹೋಗು ಅಂದ್ರೆ ಹೋಗ್ತೀನಿ."

ಇಷ್ಟು ನಂಬಿಕೆಯಿಂದ ಅವನನ್ನು ಯಾರೂ ಯಾವುದನ್ನೂ ಕೇಳಿರಲಿಲ್ಲ.

"ಹೋಗಿ ಬರ್ರಿ," ಎಂದ. "ನಾನು ಇಲ್ಲೇ ಇರ್ತೀನಿ."

ಭಾನುವಾರ ಅವಳು ಅಪ್ಪನ ಕೆನ್ನೆ ಮುಟ್ಟಿ, "ನಾಳೆ ಸಂಜಿಗೆ ಬರ್ತೀನಪ್ಪ," ಅಂದಾಗ ಮರುಳಸಿದ್ದಪ್ಪ ತನ್ನ ಹತ್ತಿರ ಇದ್ದ ಗಾಳಿಯನ್ನೆಲ್ಲ ಖರ್ಚು ಮಾಡಿ ಒಂದೇ ಉಸಿರಿಗೆ ಮೂರು ಮಾತಾಡಿದ. "ಹೋಗಿ ಬಾ ತಾಯಿ."

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಅವನು ಹೋದ. ಒದ್ದಾಡಲಿಲ್ಲ. ಬೆನಕಪ್ಪ ಎದುರಿಗೆ ಕೂತು ಒಲೆ ಊದುವ ಹಾಗೆ ಊದುತ್ತಿದ್ದ, ಅವನೂ ಊದುತ್ತಿದ್ದ. ಒಂದು ಸಲ ಬೆನಕಪ್ಪ ಊದಿದ, ಅವನು ಊದಲಿಲ್ಲ. ಕಿಟಕಿಯಿಂದ ಬಿಸಿಲು ಬಂದು ದಿಂಬಿನ ಮೇಲೆ ಬಿದ್ದಿತ್ತು.

ಮಣ್ಣು ಮಾಡಲು ಮಗಳಿಗಾಗಿ ಕಾದರು. ಹೊತ್ತು ಮುಳುಗುವಾಗ ಬಸ್ಸಿಳಿದು ಬಂದವಳು ಮನೆಯ ಮುಂದಿನ ಜನರನ್ನು ನೋಡಿ, ಚೀಲ ಬೀದಿಯಲ್ಲೇ ಇಟ್ಟು, ನಡೆದುಕೊಂಡೇ ಒಳಗೆ ಹೋದಳು. ಬೆನಕಪ್ಪನ ಪಕ್ಕದಲ್ಲೇ ಹಾದುಹೋದಳು.

ಕಾರ್ಯಗಳೆಲ್ಲ ಮುಗಿದು, ರಜ ತೀರಿ, ಅವಳು ಜಗಳೂರಿಗೆ ಹೊರಟ ದಿನ ಅವನು ಬಸ್ ಸ್ಟ್ಯಾಂಡಿಗೆ ಬಂದ. ಶಂಕರಮ್ಮ ಟ್ರಂಕಿನ ಮೇಲೆ ಕೂತು ಇಬ್ಬರನ್ನೂ ನೋಡಿ, "ನನಗೆ ಸೋಡಾ ಕುಡೀಬೇಕು," ಎಂದು ತಾನಾಗಿಯೇ ಎದ್ದುಹೋದಳು.

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು ಶಾಂತಾದೇವಿ.

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು," ಎಂದ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆ ಮನೆಯಲ್ಲಿ ಕಲಿತ ಸುಮ್ಮನಿರುವಿಕೆಯಲ್ಲ ಅದು, ಬೇರೆಯದು. "ಅಷ್ಟು ಚೆನ್ನಾಗಿ ನೋಡ್ಕೊಂಡ್ರಿ. ಕೊನೇಗೆ ಹಿಂಗ್ಯಾಕೆ ಮಾಡಿದ್ರಿ?"

"ನೌಕರಿ ಹೋಗ್ತಿತ್ತು."

"ಹೋಗ್ಲಿ ಅಂತ ನಾನು ತೀರ್ಮಾನ ಮಾಡಿದ್ದೆ. ನೀವ್ಯಾರು?" ದನಿ ಏರಲಿಲ್ಲ. ಕೇಳಿದ ಮೇಲೆ ತಾನೇ ಆ ಪ್ರಶ್ನೆಗೆ ಬೆಚ್ಚಿದವಳ ಹಾಗೆ ಅವನನ್ನು ನೋಡಿದಳು. ಕಣ್ಣು ತುಂಬಿದವು. "ಯಾರೋ ಆಗಿದ್ರಿ ನೀವು. ನಿಜವಾಗ್ಲೂ ಆಗಿದ್ರಿ. ಸಿಟ್ಟಿಲ್ಲ ನನಗೆ. ಆದ್ರೆ ನಿಮ್ಮ ಮುಖ ನೋಡಿದ್ರೆ ಆ ಸೋಮವಾರ ಕಾಣ್ತೈತೆ. ಏನು ಮಾಡ್ಲಿ ಹೇಳ್ರಿ?"

ಒಂದೇ ಒಂದು ವಾಕ್ಯ ಸಾಕಿತ್ತು. ಮಾತು ತೆಗೆದುಕೊಂಡವನು ಮಣ್ಣಿನಲ್ಲಿದ್ದ. ಕೇಳುವವರು ಯಾರೂ ಇರಲಿಲ್ಲ. ಹೇಳಿದರೆ ಅವಳು ಅವನ ಪಕ್ಕ ಕೂರಬಹುದಿತ್ತು, ಇನ್ನೊಂದು ವಾರ ಇರು ಎಂದರೆ ಇರಲೂಬಹುದಿತ್ತು. ಆದರೆ ಆಮೇಲೆ ಪ್ರತಿದಿನ ಶಾಲೆಯ ಬಾಗಿಲು ತೆಗೆದು ಹಾಜರಿ ಕೂಗುವಾಗ, ಅಪ್ಪನೇ ತನ್ನನ್ನು ದೂರ ಕಳಿಸಿ ಒಬ್ಬನೇ ಸತ್ತ ಎನ್ನುವುದು ಅವಳ ಜೊತೆಗಿರುತ್ತಿತ್ತು. ಹೊರಗಿನವನೊಬ್ಬ ತಪ್ಪು ಮಾಡಿದ ಎನ್ನುವುದು ಅದಕ್ಕಿಂತ ಹಗುರ. ಹಾಗೆಂದು ಅವನಿಗೆ ತೋರಿತು.

ಬಸ್ಸು ಬಂತು. ಅವನು ಟ್ರಂಕನ್ನು ಮೇಲೆ ಹಾಕಿಸಿ, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟ.

"ಹೊನ್ನಾಳಿಯಾಗೆ ಇಳಿದು ಬೇರೆ ಬಸ್ಸು ಹತ್ತಬೇಕು," ಎಂದ.

"ಗೊತ್ತೈತೆ," ಎಂದಳು ಅವಳು. ಕಿಟಕಿಯ ಸರಳಿನ ಮೇಲಿದ್ದ ಅವನ ಬೆರಳುಗಳ ಮೇಲೆ ಒಂದು ಗಳಿಗೆ ತನ್ನ ಬೆರಳಿಟ್ಟು ತೆಗೆದಳು. ಬಸ್ಸು ಹೊರಟಿತು.

ಅವಳನ್ನು ಕಳಿಸು ಎಂದವನು ಅವಳ ಅಪ್ಪ. ಅದನ್ನು ಬೆನಕಪ್ಪ ಅವಳಿಗೆ ಎಂದೂ ಹೇಳಲಿಲ್ಲ.