ಕಾಯಿ ಕೊಬ್ಬರಿಯಾಗುವ ತನಕ

"ಅಲ್ಲೇ ನಿಲ್ಲಿ! ಕೈ ಚಾಚ್ಬೇಡಿ!"

ಹಿಂದಿನಿಂದ ಬಂದ ಕೂಗಿಗೆ ನಿಸರ್ಗ ಬಗ್ಗಿದವಳು ಬಗ್ಗಿದ ಹಾಗೆಯೇ ನಿಂತುಬಿಟ್ಟಳು. ಅವಳ ಬೆರಳಿಗೂ ನೀರಲ್ಲಿ ತೇಲುತ್ತಿದ್ದ ಆ ಕಪ್ಪು ಎಡಮಟ್ಟೆಗೂ ನಡುವೆ ಒಂದು ಮಾರು ದೂರವೂ ಇರಲಿಲ್ಲ.

ತೆಂಗಿನ ತೋಟದವರ ಮಗಳು ಅವಳು. ಕೆರೆಯಂಚಿನ ನೀರಲ್ಲಿ ಉದ್ದಕ್ಕೆ, ಗಂಟುಗಂಟಾಗಿ ಏನಾದರೂ ಕಂಡರೆ ಅದು ಅವಳ ಪಾಲಿಗೆ ಎಡಮಟ್ಟೆಯೇ, ತೆಂಗಿನ ಗರಿಯೇ. ಊರಲ್ಲಿ ಚಪ್ಪರಕ್ಕೆ ಗರಿ ಹೆಣೆಯುವ ಮೊದಲು ಹೀಗೆಯೇ ಕೆರೆಯಲ್ಲಿ ನೆನೆಹಾಕಿ ಮೇಲೆ ಕಲ್ಲು ಹೇರುತ್ತಾರೆ. ಯಾರದೋ ಗರಿ, ಕಲ್ಲು ಜಾರಿ ತೇಲಿಹೋಗುತ್ತಿದೆ, ದಡಕ್ಕೆ ಎಳೆದು ಹಾಕೋಣ ಎಂದುಕೊಂಡಿದ್ದಳು. ಸುಸ್ತಾಗಿ ರೆಸಾರ್ಟಿಗೆ ಬಂದವಳಿಗೆ ಅಲ್ಲೂ ಕೆಲಸವೇ ಕಾಣಬೇಕೇ!

ಆ ಎಡಮಟ್ಟೆ ಕಣ್ಣು ಬಿಟ್ಟಿತು.

ನಿಸರ್ಗಳಿಗೆ ಕೂಗಲೂ ಆಗಲಿಲ್ಲ. ಯಾರೋ ಅವಳ ರಟ್ಟೆ ಹಿಡಿದು ಏರಿಯ ಮೇಲಕ್ಕೆ ದರದರ ಎಳೆದರು. ಚಪ್ಪಲಿಯೊಂದು ಅಲ್ಲೇ ಉಳಿಯಿತು. ತಿರುಗಿ ನೋಡಿದರೆ, ಮೊಸಳೆ ಸದ್ದೇ ಇಲ್ಲದೆ ನೀರೊಳಗೆ ಇಳಿದುಹೋಗುತ್ತಿತ್ತು.

"ಅಷ್ಟ್ ದೊಡ್ಡ ಬೋರ್ಡ್ ಹಾಕಿದೀವಿ, ಮೊಸಳೆ ಐತೆ, ನೀರಿನ ಹತ್ರ ಹೋಗ್ಬೇಡಿ ಅಂತ! ಓದಕ್ ಬರಲ್ವೇನ್ರೀ ನಿಮ್ಗೆ?"

ಎಂಟು ವರ್ಷದಿಂದ ಊರ ಮಕ್ಕಳಿಗೆ ಓದು ಕಲಿಸುತ್ತಿರುವ ಟೀಚರಿಗೆ ಈ ಮಾತು! ಉರಿದುಹೋಯಿತು ನಿಸರ್ಗಳಿಗೆ. ಸರಿಯಾಗಿ ಬೈಯೋಣವೆಂದು ಮುಖ ಎತ್ತಿದಳು.

ಬಸವಕುಮಾರ್...

ಅವನೂ ಅವಳನ್ನು ಆಗಲೇ ನೋಡಿದ್ದು. ರಟ್ಟೆ ಹಿಡಿದಿದ್ದ ಕೈ ತಟ್ಟನೆ ಸಡಿಲವಾಯಿತು.

"ನೀವಾ..." ಎಂದ.

"ಚಪ್ಪಲಿ ಅಲ್ಲೇ ಉಳೀತು," ಎಂದಳು ನಿಸರ್ಗ. ಆರು ವರ್ಷದ ಮೇಲೆ ಎದುರಾದ ಮನುಷ್ಯನಿಗೆ ಹೇಳಲು ಅವಳಿಗೆ ಸಿಕ್ಕಿದ್ದು ಅಷ್ಟೇ.

* * *

ರೆಸಾರ್ಟು ಹೊನ್ನವಳ್ಳಿಯಿಂದ ಆಚೆ, ಕೆರೆಯ ಹಿಂದಿನ ತೋಟದಲ್ಲಿತ್ತು. ತೆಂಗಿನ ಮರಗಳ ನಡುವೆ ನಾಲ್ಕು ಹೆಂಚಿನ ಕಾಟೇಜು, ಒಂದು ಊಟದ ಚಪ್ಪರ, ಬೇಕೆಂದಷ್ಟು ನವಿಲು. ಹೋದ ವರ್ಷ ನಾಲೆ ನೀರು ಬಂದು ಕೆರೆ ತುಂಬಿದಾಗ ಅದರ ಜೊತೆ ಈ ಮೊಸಳೆಯೂ ಬಂದಿತ್ತು. ಕರೆಯದೆ ಬಂದ ನೆಂಟ!

ನಿಸರ್ಗಳನ್ನು ಇಲ್ಲಿಗೆ ಎಳೆದು ತಂದವಳು ಅವಳ ಶಾಲೆಯ ವನಜಾಕ್ಷಿ ಮೇಡಂ. ಇಬ್ಬರೂ ವಾರಗಟ್ಟಲೆ ಮನೆಮನೆ ಸಮೀಕ್ಷೆಗೆ ಅಲೆದಿದ್ದರು. ಬಿಸಿಲು, ನಾಯಿ, ತೆರೆಯದ ಮೊಬೈಲು ಆ್ಯಪು, ಬಾಗಿಲಲ್ಲೇ ನಿಲ್ಲಿಸಿ ಸಿಡುಕುವ ಜನ. ಅದು ಮುಗಿದ ಮೇಲೆ ಸಿಕ್ಕಿದ್ದು ಎರಡು ದಿನದ ರಜೆ.

"ಎರಡು ದಿನ ಯಾರ ಬಾಗಿಲೂ ತಟ್ಟದೆ ಮಲಗೋಣ ಬಾರೇ," ಎಂದಿದ್ದಳು ವನಜಾಕ್ಷಿ.

ಆದರೆ ನಿಸರ್ಗಳ ಆಯಾಸ ಮಲಗಿದರೆ ಹೋಗುವಂಥದ್ದಲ್ಲ. ಹುಳಿಯಾರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಕೆಟ್ಟವನೇನಲ್ಲ, ಒಳ್ಳೆಯವನೆಂದು ಹೇಳಲು ಕಾರಣವೂ ಇರಲಿಲ್ಲ. ಸೋಮವಾರ ಉತ್ತರ ಹೇಳಬೇಕು. 'ಹ್ಞೂಂ ಅಂದುಬಿಡ್ತೀನಿ. ಬೇಡ ಅನ್ನೋಕೂ ಮೈಯಲ್ಲಿ ಶಕ್ತಿ ಬೇಕು. ನನ್ನ ಹತ್ರ ಅದೂ ಉಳಿದಿಲ್ಲ,' ಎಂದುಕೊಂಡೇ ಅವಳು ಬಸ್ಸು ಹತ್ತಿದ್ದಳು.

ಈಗ ನೋಡಿದರೆ ಈ ರೆಸಾರ್ಟು ಇವನದೇ!

"ಅಯ್ಯಯ್ಯೋ! ನಿಸರ್ಗಾ! ಮೊಸಳೆ ಮರಿ ಕಣೇ! ಬಚ್ಚಲಲ್ಲಿ!"

ಒಂಟಿ ಚಪ್ಪಲಿಯಲ್ಲಿ ಕಾಟೇಜಿಗೆ ಬಂದವಳಿಗೆ ಕಂಡಿದ್ದು ಮಂಚದ ಮೇಲೆ ನಿಂತ ವನಜಾಕ್ಷಿ. ಕೈಯಲ್ಲಿ ಆಯುಧದಂತೆ ಒಂದು ಬಾಚಣಿಗೆ!

ಕೂಗು ಕೇಳಿ ಬಸವಕುಮಾರ್ ಓಡಿಬಂದ. ಬಚ್ಚಲಿಗೆ ಇಣುಕಿ ನಕ್ಕ.

"ಉಡ ಕಣ್ರಮ್ಮಾ. ಅದೇ ನಿಮ್ಮನ್ನ ನೋಡಿ ನಡುಗ್ತಾ ಐತೆ."

ಹೆಗಲ ಮೇಲಿನ ಟವೆಲನ್ನು ಉಡದ ಮೇಲೆ ಹೊದಿಸಿ, ಕೂಸನ್ನು ಎತ್ತುವ ಹಾಗೆ ಎತ್ತಿಕೊಂಡು ಹೊರಗೆ ನಡೆದ. "ಆಯ್ತು ಬುಡಪ್ಪ, ಹೋಗು, ಹೋಗು," ಎಂದು ಬೇಲಿಯ ಬುಡದಲ್ಲಿ ಬಿಟ್ಟು, ಅದು ಪೊದೆ ಸೇರುವ ತನಕ ಅಲ್ಲೇ ಕೂತಿದ್ದ.

ನಿಸರ್ಗ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

'ಒಂದು ಉಡಕ್ಕೋಸ್ಕರ ಇಷ್ಟು ಹೊತ್ತು ಕಾಯೋಕೆ ಬರುತ್ತೆ ಇವರಿಗೆ. ನಮ್ಮನೆ ಬಾಗಿಲಲ್ಲಿ ಐದು ನಿಮಿಷ ನಿಲ್ಲೋಕೆ ಬರಲಿಲ್ಲವಲ್ಲ!'

* * *

ಆರು ವರ್ಷದ ಹಿಂದೆ ಬಸವಕುಮಾರ್ ಅವಳನ್ನು ನೋಡಲು ಮಾಯಸಂದ್ರದ ಹತ್ತಿರದ ಅವರ ಊರಿಗೆ ಬಂದಿದ್ದ. ಉಪ್ಪಿಟ್ಟು, ಕಾಫಿ, ಹಿರಿಯರ ಮಾತು ಎಲ್ಲ ಮುಗಿದ ಮೇಲೆ ಅವನ ಸೋದರಮಾವ, "ಹುಡುಗನ ತಂಗಿ ಮದ್ವೆ ಮೊದ್ಲು ಆಗ್ಬೇಕು. ಆಮೇಲೆ ಹೇಳಿ ಕಳಿಸ್ತೀವಿ," ಎಂದರು. ಬೇಡ ಎನ್ನುವುದನ್ನು ದೊಡ್ಡವರು ಹೀಗೇ ಹೇಳುವುದು. ನಿಸರ್ಗಳ ಅಪ್ಪ ಪರಮಶಿವಯ್ಯನವರ ಮುಖ ಬಾಡಿತು.

ಆದರೆ ಹೊರಡುವ ಮುಂಚೆ ಬಸವಕುಮಾರ್ ಅಟ್ಟದ ಏಣಿಯ ಹತ್ತಿರ ಅವಳ ಬಳಿ ಬಂದಿದ್ದ. ಆ ವಾರವಷ್ಟೇ ಅಟ್ಟಕ್ಕೆ ಹೊಸ ಕಾಯಿ ತುಂಬಿದ್ದರು. ಸಿಪ್ಪೆ ಸಮೇತ ಅಟ್ಟದ ಮೇಲೆ ಬಿದ್ದಿರುವ ಕಾಯಿಯ ನೀರು ಒಳಗೇ ಬತ್ತಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಆ ಸೀಮೆಯವರಿಗೆ ಅದೇ ಒಂದು ಕ್ಯಾಲೆಂಡರು.

"ಮಾವ ಹೇಳಿದ್ದು ನೆಪ ಅಲ್ಲ ಕಣ್ರೀ, ನಿಜ. ಈ ಕಾಯಿ ಕೊಬ್ಬರಿ ಆಗೋ ತನಕ ಕಾಯ್ತೀರಾ?" ಎಂದು ಕೇಳಿದ್ದ, ತಲೆ ತಗ್ಗಿಸಿ.

"ಕಾಯ್ತೀನಿ. ನೀವು ಬರೋ ತನಕ ಈ ಕಾಯಿ ಅಟ್ಟ ಇಳಿಯಲ್ಲ," ಎಂದಿದ್ದಳು.

ಫೋನ್ ನಂಬರು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಅಷ್ಟು ದೊಡ್ಡ ಮಾತಾದ ಮೇಲೆ ನಂಬರು ಯಾಕೆ ಎಂದುಕೊಂಡರೋ ಏನೋ, ಹುಚ್ಚು ಜನ.

ಐದನೇ ತಿಂಗಳು. ಅವಳೂ ಅಪ್ಪ ಅಮ್ಮನೂ ತುರುವೇಕೆರೆಗೆ ಹೋಗಿ ಬರುವಷ್ಟರಲ್ಲಿ ಬಾಗಿಲ ಚಿಲಕಕ್ಕೆ ಅವನ ತಂಗಿಯ ಮದುವೆ ಕಾರ್ಡು ಸಿಕ್ಕಿಸಿತ್ತು. ಕುಂಕುಮವಿಲ್ಲ, ಕರೆಯುವ ಒಂದು ಮಾತಿಲ್ಲ. ಪಕ್ಕದ ಮನೆಯ ಕೆಂಪಯ್ಯನನ್ನು ಕೇಳಿದರೆ, "ಆ ಹುಡ್ಗ ಬಂದಿದ್ದ ಕಣವ್ವ. ಅಂಗಳದಲ್ಲಿ ನಿಂತು ಮೇಲೆ ನೋಡ್ದ, ಬೈಕ್ ಹತ್ತಿ ಹೊಂಟೋದ," ಎಂದಿದ್ದ.

"ಬಾಗಿಲಿಗೆ ಸಿಕ್ಕಿಸಿ ಹೋಗಕ್ಕೆ ನಾವೇನು ಬೀದಿಯವರಾ?" ಎಂದು ಅಪ್ಪ ಸಿಟ್ಟಾದರು. ಮದುವೆಗೆ ಯಾರೂ ಹೋಗಲಿಲ್ಲ.

ಆದರೂ ನಿಸರ್ಗ ಕಾದಳು. ಆರು, ಏಳು, ಎಂಟು... ಹನ್ನೊಂದನೇ ತಿಂಗಳು ಕಾಯಿ ಸುಲಿದು ಒಡೆದು ಕೊಬ್ಬರಿ ಮೂಟೆ ಕಟ್ಟುವ ದಿನವೂ ದಾರಿ ನೋಡಿದಳು. ಅವನು ಬರಲಿಲ್ಲ. ಅವತ್ತಿಂದ ಅವಳಿಗೆ ಅಂಟಿದ ಸುಸ್ತು ಇವತ್ತಿಗೂ ಇಳಿದಿರಲಿಲ್ಲ.

* * *

ಭಾನುವಾರ ಬೆಳಿಗ್ಗೆ ಮೊಸಳೆ ಎದುರು ದಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಪಕ್ಕದಲ್ಲೇ ಎರಡು ಬೆಳ್ಳಕ್ಕಿ, ಅದಕ್ಕೂ ತಮಗೂ ಸಂಬಂಧವೇ ಇಲ್ಲವೆಂಬಂತೆ. ಏರಿಯ ಮೇಲೆ ನಿಂತ ಅತಿಥಿಗಳು ಫೋಟೊ ತೆಗೆಯುತ್ತಿದ್ದರು.

"ನಾಳೆ ಅರಣ್ಯ ಇಲಾಖೆಯೋರು ಬಂದು ಹಿಡಿದು ಹೊಳೆಗೆ ಬಿಡ್ತಾರೆ. ಇವತ್ತೊಂದಿನ ನಮ್ಮ ಅತಿಥಿ," ಎಂದ ಬಸವಕುಮಾರ್. ಅವನ ಕಣ್ಣು ಕೆಂಪಾಗಿತ್ತು. ನಿದ್ದೆ ಮಾಡಿದವನ ಹಾಗೆ ಕಾಣಲಿಲ್ಲ.

ಆಮೇಲೆ ಎಲ್ಲರನ್ನೂ ತನ್ನ ಮನೆಯ ಅಟ್ಟದ ಹತ್ತಿರ ಕರೆದೊಯ್ದ. ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಉಂಡೆ ಉರುಳುವ ಸದ್ದು ಕೇಳಿಸಿದ.

"ಇದು ಆಗೈತೆ. ಆದ್ರೆ ನಡುವೆ ಅವಸರ ಪಟ್ಟು ಒಡೆದ್ರೆ ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ಬರೀನೂ ಅಲ್ಲ. ಕಾಯೋದಕ್ಕೆ ಮನಸ್ಸಿರಬೇಕು," ಎಂದ.

ಕಾಯೋದಕ್ಕೆ ಮನಸ್ಸು! ಇವರು ಹೇಳಬೇಕಾದ ಮಾತೇ ಇದು?

ಅತಿಥಿಗಳೆಲ್ಲ ಎಳನೀರು ಕುಡಿಯಲು ಹೋದರು. ವನಜಾಕ್ಷಿ ನಿಸರ್ಗಳ ಮುಖ ನೋಡಿದಳು, ಅವನ ಮುಖ ನೋಡಿದಳು, "ನಂಗೂ ಬಾಯಾರಿಕೆ," ಎಂದು ಜಾಗ ಖಾಲಿ ಮಾಡಿದಳು. ಜಾಣೆ!

"ಒಂದು ಮಾತು ಕೇಳ್ಲಾ?" ಎಂದಳು ನಿಸರ್ಗ. ಅವಳ ಸ್ವರದಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಬೇಡ ಅನ್ನಿಸಿದ್ರೆ ಬೇಡ ಅನ್ನಬಹುದಿತ್ತು. ಬಾಗಿಲಿಗೆ ಕಾರ್ಡ್ ಸಿಕ್ಕಿಸಿ ಓಡಿಹೋಗೋ ಅಂಥದ್ದು ನಾನೇನ್ ಮಾಡಿದ್ದೆ?"

ಬಸವಕುಮಾರ್ ಕಾಯಿಯನ್ನು ಕೆಳಗಿಟ್ಟ.

"ನಾನ್ ಬೇಡ ಅಂದ್ನಾ? ನೀವಲ್ವೇನ್ರೀ ಅಂದಿದ್ದು?"

"ನಾನಾ?"

"ಅಟ್ಟ ಖಾಲಿ ಇತ್ತು!" ಅವನ ದನಿ ಒಡೆಯಿತು. "ಅಟ್ಟದ ಕಿಟಕಿ ತೆಗೆದಿತ್ತು, ಅಂಗಳದಿಂದಾನೇ ಕಾಣೋದು. ಒಂದ್ ಕಾಯೂ ಇರ್ಲಿಲ್ಲ. ನೀವು ಬರೋ ತನಕ ಇಳಿಯಲ್ಲ ಅಂದೋರು ಐದೇ ತಿಂಗಳಿಗೆ ಇಳಿಸಿಬಿಟ್ರಿ... ಬಾಯ್ಬಿಟ್ಟು ಹೇಳಕ್ಕಾಗದೆ ಹಿಂಗ್ ಹೇಳವ್ರೆ ಅಂದ್ಕೊಂಡೆ. ಕುಂಕುಮ ಹಚ್ಚಕ್ಕೆ ಬೆರಳೇ ಏಳಲಿಲ್ಲ ಕಣ್ರೀ. ಮದ್ವೆಗಾದ್ರೂ ಬತ್ತೀರೇನೋ ಅಂತ ಛತ್ರದ ಬಾಗಿಲಲ್ಲೇ ನಿಂತಿದ್ದೆ. ಬರ್ಲಿಲ್ಲ ನೀವು."

ನಿಸರ್ಗ ಅವನನ್ನೇ ನೋಡುತ್ತಿದ್ದಳು. ಖಾಲಿ ಅಟ್ಟ... ಐದನೇ ತಿಂಗಳು...

"ಗೆದ್ದಲು," ಎಂದಳು.

"ಏನು?"

"ಅಟ್ಟದ ತೊಲೆಗೆ ಗೆದ್ದಲು ಹಿಡಿದಿತ್ತು. ಬಿದ್ದೇ ಹೋಗುತ್ತೆ ಅಂತ ಕಾಯೆಲ್ಲಾ ದೊಡ್ಡಪ್ಪನ ಅಟ್ಟಕ್ಕೆ ಹಾಕಿದ್ವಿ. ಮೂರೇ ಮನೆ ಆಚೆ! ಮಾತು ತಪ್ಪಬಾರದು ಅಂತ ಒಂದೊಂದು ಕಾಯೀನೂ ನಾನೇ ಹೊತ್ತೆ. ವಾರವಾರ ಹೋಗಿ ಅಲ್ಲಾಡಿಸಿ ನೋಡ್ತಿದ್ದೆ... ಹನ್ನೊಂದು ತಿಂಗಳು ಕಾದೆ. ಕೆಂಪಯ್ಯನ್ನ ಒಂದ್ ಮಾತು ಕೇಳಿದ್ದಿದ್ರೆ ಹೇಳ್ತಿದ್ದ!"

ಬಸವಕುಮಾರ್ ಏಣಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ನಿಸರ್ಗಳಿಗೆ ನಗು ಬಂತು. ನಗುತ್ತಾ ನಗುತ್ತಾ ಅದು ಅಳುವಾಯಿತು. ಆರು ವರ್ಷ! ಒಂದು ತೊಲೆ, ಒಂದಿಷ್ಟು ಗೆದ್ದಲು!

"ನಿನ್ನೆ ನಾನು ಮೊಸಳೇನ ಎಡಮಟ್ಟೆ ಅಂದ್ಕೊಂಡೆ," ಎಂದಳು ಕಣ್ಣೊರೆಸಿಕೊಂಡು. "ನೀವು ನನಗಿಂತ ದಡ್ಡರು."

"ಹೌದು," ಎಂದ ಅವನು, ಮುಖ ಮುಚ್ಚಿಕೊಂಡೇ. "ಅದಾದ್ಮೇಲೆ ಮನೇಲಿ ಎಷ್ಟೋ ಹೆಣ್ಣು ತೋರಿಸಿದ್ರು. ಯಾರ ಮನೆಗೆ ಹೋದ್ರೂ ನಂಗೆ ಅಟ್ಟಾನೇ ಕಾಣೋದು. ಎದ್ದು ಬಂದುಬಿಡ್ತಿದ್ದೆ."

ದೂರದಲ್ಲಿ ನವಿಲೊಂದು ಕೂಗಿತು.

"ನಾಳೆ ಹುಳಿಯಾರಿನವರಿಗೆ ಉತ್ತರ ಹೇಳಬೇಕು. ಹ್ಞೂಂ ಅನ್ನೋಣ ಅಂತಿದ್ದೆ," ಎಂದಳು ನಿಸರ್ಗ ಮೆಲ್ಲಗೆ. "ಇಷ್ಟ ಆಗಿ ಅಲ್ಲ. ಸಾಕಾಗಿ. ನಂಗೆ ತುಂಬಾ ಸುಸ್ತಾಗಿದೆ ಕುಮಾರ್. ನೀವಂದ್ರೆ ಇಷ್ಟ, ಅವತ್ತೂ ಇಷ್ಟ, ಇವತ್ತೂ ಇಷ್ಟ. ಆದ್ರೆ ಇನ್ನೊಂದು ದಿನ ಕಾಯೋಕೆ ನನ್ನ ಕೈಲಾಗಲ್ಲ."

ಅವನು ಎದ್ದು ನಿಂತ. ಒದ್ದೆ ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಕಾಯೋದು ಬೇಡ. ಇವತ್ತೇ ಬತ್ತೀನಿ. ಅವ್ವನ್ನ ಕರ್ಕೊಂಡು, ಸಂಜೆ ಒಳಗೆ."

ನಿಸರ್ಗ ಅಲ್ಲೇ ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ಹುಳಿಯಾರಿನವರಿಗೆ ಬೇಡ ಅಂತ ಹೇಳಿಬಿಡು."

"ಯಾಕವ್ವಾ? ಏನಾಯ್ತು?"

"ಸಂಜೆ ಮನೆಗೆ ಒಬ್ಬರು ಬರ್ತಾರೆ. ನೀನು ಅಮ್ಮ ಎಲ್ಲೂ ಹೋಗಬೇಡಿ. ಬಾಗಿಲು ತೆಗೆದೇ ಇಟ್ಟಿರಿ."

"ಯಾರವ್ವಾ ಬರೋದು?"

"ಬಾಗಿಲಿಗೆ ಕಾರ್ಡು ಸಿಕ್ಕಿಸಿ ಹೋದೋರು."

ಆ ಕಡೆ ಪರಮಶಿವಯ್ಯ ಕೆಮ್ಮಿದರು.

"ಬರ್ಲಿ ಬುಡು. ನಂಗೂ ಕೇಳೋದೈತೆ," ಎಂದರು. ಫೋನು ಇಡುವ ಮುಂಚೆ, "ಊಟಕ್ಕೇ ಬರ್ತಾರಂತಾ? ಕೇಳು, ನಿಮ್ಮಮ್ಮಂಗೆ ಹೇಳ್ಬೇಕು," ಎಂದರು.

ಹೊರಡುವ ಹೊತ್ತಿಗೆ ಬಸವಕುಮಾರ್ ಅವಳ ಚಪ್ಪಲಿ ತಂದಿದ್ದ. ಕೆರೆಯ ಕೆಸರು ತೊಳೆದು, ಬಿಸಿಲಲ್ಲಿ ಒಣಗಿಸಿ. ಅವಳ ಕಾಲ ಬಳಿ ಬಗ್ಗಿ ಇಟ್ಟ. ಬಸ್ಸಿಗೆ ಹೊತ್ತಾಯಿತೆಂದು ಆಚೆಯಿಂದ ವನಜಾಕ್ಷಿ ಕೂಗುತ್ತಿದ್ದಳು.

ಎರಡು ಹೆಜ್ಜೆ ನಡೆದ ನಿಸರ್ಗ ತಿರುಗಿದಳು.

"ಒಂದು ವಿಷ್ಯ. ನಾವೀಗ ಕೊಬ್ಬರಿ ಮಾಡ್ತಿಲ್ಲ, ಹಸಿ ಕಾಯೇ ಕೊಟ್ಟುಬಿಡ್ತೀವಿ. ಅಟ್ಟ ಖಾಲೀನೇ ಇದೆ. ನೋಡಿ ವಾಪಸ್ ಹೋಗ್ಬೇಡಿ ಮತ್ತೆ."

"ಈ ಸಲ ಮೇಲೆ ನೋಡಲ್ಲ. ಬಾಗಿಲು ತಟ್ತೀನಿ."

"ಯಾರೂ ಓಗೊಡದೆ ಇದ್ರೆ?"

"ಜಗಲಿ ಮೇಲೆ ಕೂತಿರ್ತೀನಿ ಕಣ್ರೀ," ಎಂದ ಬಸವಕುಮಾರ್. "ನೀವು ಬರೋ ತನಕ."